ಸೋತ ಅಭ್ಯರ್ಥಿಯ ಇನ್ನೂರು ಪುಟಗಳು

2025ರ ನವೆಂಬರ್‌ನ ಒಂದು ಭಾನುವಾರ. ಸಿಯಾಟಲ್ ಪಕ್ಕದ ಬಾಥೆಲ್‌ನಲ್ಲಿರುವ ಅಕ್ಕನ ಮನೆ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಬಿಸಿ ಉಪ್ಪಿಟ್ಟು. ಭಾವ ಮಾತ್ರ ಉಪ್ಪಿಟ್ಟಿನ ಕಡೆ ನೋಡದೆ ಲ್ಯಾಪ್‌ಟಾಪ್ ಮುಂದೆ ಕೂತಿದ್ದರು. ಮನೆ ಚಾವಣಿಗೆ ಸೋಲಾರ್ ಹಾಕಿಸೋಕೆ 24 ಸಾವಿರ ಡಾಲರ್ ಆಗುತ್ತೆ ಅಂತ ಕೊಟೇಶನ್ ಬಂದಿತ್ತು.

"ನೋಡಮ್ಮಾ, ಡಿಸೆಂಬರ್ 31ರೊಳಗೆ ಕೆಲಸ ಮುಗಿದರೆ 30 ಪರ್ಸೆಂಟ್ ತೆರಿಗೇಲಿ ವಾಪಸ್. 7,200 ಡಾಲರ್. ಒಂದು ದಿನ ತಡವಾದರೂ ಸೊನ್ನೆ."

"ಹಾಕ್ಸಿ ಮತ್ತೆ ಭಾವ, ಇನ್ನೇನು ಯೋಚನೆ?"

"ಹಾಕೋರು ಬೇಕಲ್ಲ! ಎಲ್ಲರಿಗೂ ಇದೇ ಆತುರ. ನಾಲ್ಕು ಕಡೆ ಫೋನ್ ಮಾಡಿದೆ. ಎಲ್ಲರೂ ಜನವರಿ ಅಂತಾರೆ."

ಅಕ್ಕ ಒಗ್ಗರಣೆ ಸೌಟು ಹಿಡಿದೇ ಅಡುಗೆಮನೆಯಿಂದ ಕೂಗಿದಳು: "ಮೂರು ವರ್ಷದಿಂದ ಹೇಳ್ತಾನೇ ಇದ್ದೆ. ಸರ್ಕಾರ ಕೊಡೋದನ್ನ ಕೊಟ್ಟಾಗಲೇ ಇಸ್ಕೋಬೇಕು."

ಅಕ್ಕ ತಮಾಷೆಗೆ ಹೇಳಿದ್ದಳು. ನನಗೆ ಮಾತ್ರ ಆ ಮಾತು ಕೊರೆಯೋಕೆ ಶುರುವಾಯಿತು. ಈ ಮೂವತ್ತು ಪರ್ಸೆಂಟ್ ಕೊಟ್ಟವರು ಯಾರು, ಕಿತ್ತುಕೊಂಡವರು ಯಾರು ಅನ್ನೋದು ಪೇಪರ್ ಓದೋರಿಗೆಲ್ಲ ಗೊತ್ತು. ಆದರೆ ಅದರ ಹಿಂದೆ ಒಬ್ಬರು ಇದ್ದರು. ಅವರು ಅಧ್ಯಕ್ಷರಾಗಲಿಲ್ಲ, ಪಕ್ಷದ ಅಭ್ಯರ್ಥಿಯೂ ಆಗಲಿಲ್ಲ. ಚುನಾವಣೆಯ ಮೊದಲ ಮತ ಬೀಳುವುದಕ್ಕೆ ಐದು ತಿಂಗಳು ಮೊದಲೇ ಸ್ಪರ್ಧೆ ಬಿಟ್ಟು ಹೋದರು. ಅವರ ಕಥೆ ನಿಮಗೆ ಹೇಳಬೇಕು ಅನಿಸಿದ್ದು ಅವತ್ತೇ.

ಹೊಗೆಯ ಊರಿಗೆ ಬಂದ ಹೊಸದರಲ್ಲಿ

ನಾನು ಕಂಪನಿ ಕೆಲಸಕ್ಕೆ ಅಂತ ಸಿಯಾಟಲ್‌ಗೆ ಬಂದಿದ್ದು 2018ರಲ್ಲಿ. ಹಸಿರು ಊರು, ಮಳೆ ಊರು, ನಮ್ಮ ಮಲೆನಾಡಿನ ತರ ಅಂತೆಲ್ಲ ಕೇಳಿಕೊಂಡು ಬಂದಿದ್ದೆ. ಆಗಸ್ಟ್ ಬಂದಾಗ ಕಂಡಿದ್ದೇ ಬೇರೆ. ಸುತ್ತಲಿನ ಕಾಡ್ಗಿಚ್ಚಿನ ಹೊಗೆ ಊರನ್ನ ಮುಚ್ಚಿಬಿಟ್ಟಿತ್ತು. ಸೂರ್ಯ ನಡುಹಗಲಲ್ಲೂ ಕುಂಕುಮದ ಬೊಟ್ಟಿನ ಹಾಗೆ ಕೆಂಪಗೆ ಕಾಣ್ತಿದ್ದ. ಗಾಳಿಯ ಗುಣಮಟ್ಟದಲ್ಲಿ ಜಗತ್ತಿನ ಅತಿ ಕೆಟ್ಟ ನಗರಗಳ ಸಾಲಿನಲ್ಲಿ ಕೆಲವು ದಿನ ಸಿಯಾಟಲ್ ಹೆಸರೂ ಇತ್ತು.

ಮರುವರ್ಷ ಮಾರ್ಚ್ 1ರಂದು ಇದೇ ವಾಷಿಂಗ್ಟನ್ ರಾಜ್ಯದ ಗವರ್ನರ್ ಜೇ ಇನ್‌ಸ್ಲೀ, ಸಿಯಾಟಲ್‌ನ ಒಂದು ಸೋಲಾರ್ ಕಂಪನಿಯ ಶೆಡ್ಡಿನಲ್ಲಿ ನಿಂತು, ತಾನು ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಡೆಮಾಕ್ರಟಿಕ್ ಪಕ್ಷದಿಂದ ಸ್ಪರ್ಧಿಸ್ತೀನಿ ಅಂದರು. ಹವಾಮಾನ ಬದಲಾವಣೆಯೇ ತನ್ನ ಮೊದಲ ಆದ್ಯತೆ, ಉಳಿದಿದ್ದೆಲ್ಲ ಆಮೇಲೆ ಅನ್ನೋದು ಅವರ ಒಂದೇ ಮಾತು. (ಗೊಂದಲ ಬೇಡ: ಇದು ರಾಜಧಾನಿ ವಾಷಿಂಗ್ಟನ್ ಅಲ್ಲ. ಅಮೆರಿಕದ ಪಶ್ಚಿಮ ಕರಾವಳಿಯ ತುತ್ತತುದಿಯ ರಾಜ್ಯ.)

ಇನ್‌ಸ್ಲೀ ಹೊಸಬರಲ್ಲ. ಮೂಲತಃ ವಕೀಲರು. ಅಮೆರಿಕದ ಸಂಸತ್ತಿನಲ್ಲಿ ವರ್ಷಗಟ್ಟಲೆ ಕೂತವರು, 2013ರಿಂದ ಗವರ್ನರ್. 2007ರಲ್ಲೇ ಬ್ರಾಕನ್ ಹೆಂಡ್ರಿಕ್ಸ್ ಜೊತೆ ಸೇರಿ 'ಅಪೊಲೋಸ್ ಫೈರ್' ಅನ್ನೋ ಪುಸ್ತಕ ಬರೆದಿದ್ದರು. ಕೆನಡಿ ಕಾಲದಲ್ಲಿ ದೇಶ ಚಂದ್ರನ ಮೇಲೆ ಇಳಿಯೋಕೆ ಹೇಗೆ ಒಂದಾಯಿತೋ ಹಾಗೇ ಶುದ್ಧ ಇಂಧನಕ್ಕೂ ಒಂದಾಗಬೇಕು ಅನ್ನೋದು ಅದರ ವಾದ.

ನನಗೆ ಇಲ್ಲಿ ಮತದಾನದ ಹಕ್ಕಿಲ್ಲ. ತೆರಿಗೆ ಕಟ್ಟೋ ಭಾಗ್ಯ ಮಾತ್ರ ಇದೆ. ಆದರೂ ಬಸ್‌ನಲ್ಲಿ ಆಫೀಸಿಗೆ ಹೋಗುವಾಗ ಅವರ ಯೋಜನೆಯ ಒಂದೊಂದೇ ಭಾಗವನ್ನ ಫೋನಿನಲ್ಲಿ ಓದ್ತಾ ಹೋದೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ ಒಟ್ಟು ಆರು ಭಾಗ ಬಂದವು, ಎಲ್ಲ ಸೇರಿ ಇನ್ನೂರಕ್ಕೂ ಹೆಚ್ಚು ಪುಟ. ಪ್ರಣಾಳಿಕೆ ಅಂದರೆ ನಾಲ್ಕು ಬಣ್ಣದ ಫೋಟೋ, ಹತ್ತು ಭರವಸೆ ಅಂದುಕೊಂಡಿದ್ದ ನನಗೆ ಇದು ಬೇರೆಯೇ ವಸ್ತು ಅನಿಸಿತು. ಯಾವ ಕಾನೂನಿನ ಯಾವ ಕಲಮು ತಿದ್ದಬೇಕು, ಯಾವ ಇಲಾಖೆ ಏನು ಮಾಡಬೇಕು, ಯಾವ ವರ್ಷದೊಳಗೆ ಅಂತ ಬರೆದಿತ್ತು. ಆಫೀಸಿನಲ್ಲಿ ನಾವು ಕೋಡ್ ಬರೆಯೋ ಮೊದಲು ಡಿಸೈನ್ ಡಾಕ್ಯುಮೆಂಟ್ ಬರೀತೀವಲ್ಲ, ಥೇಟ್ ಹಾಗೆ.

ಮೂರು ಕಾಲಿನ ಮಣೆ

ಯೋಜನೆಯ ಸಾರ ಇಷ್ಟು.

ಮೊದಲನೇದು, ನಿಯಮ. 2030ರೊಳಗೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಮುಚ್ಚಬೇಕು. ಅದೇ ವರ್ಷದ ಹೊತ್ತಿಗೆ ಮಾರಾಟವಾಗೋ ಹೊಸ ಕಾರು, ಬಸ್ಸುಗಳು ಹೊಗೆ ಉಗುಳಬಾರದು. ಹೊಸದಾಗಿ ಕಟ್ಟೋ ಕಟ್ಟಡಗಳೂ ಅಷ್ಟೇ. 2035ಕ್ಕೆ ದೇಶದ ಪೂರ್ತಿ ವಿದ್ಯುತ್ ಶುದ್ಧ ಮೂಲಗಳಿಂದಲೇ ಬರಬೇಕು.

ಎರಡನೇದು, ಹಣ. ಹತ್ತು ವರ್ಷದಲ್ಲಿ ಸರ್ಕಾರ ಮತ್ತು ಖಾಸಗಿ ಹೂಡಿಕೆ ಸೇರಿ 9 ಟ್ರಿಲಿಯನ್ ಡಾಲರ್. ನಮ್ಮ ಲೆಕ್ಕದಲ್ಲಿ ಹೇಳೋದಾದರೆ 9 ಲಕ್ಷ ಕೋಟಿ ಡಾಲರ್. 80 ಲಕ್ಷ ಉದ್ಯೋಗ ಸೃಷ್ಟಿ ಅದರ ಗುರಿ.

ಮೂರನೇದು, ನ್ಯಾಯ. ಗಣಿ ಮುಚ್ಚಿದರೆ ಗಣಿ ಕಾರ್ಮಿಕ ಏನು ಮಾಡಬೇಕು? ಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಓದು, ಮನೆ, ತರಬೇತಿ ಕೊಡೋ ಕಾನೂನು ಅಮೆರಿಕದಲ್ಲಿ ಇದೆ. ಕಲ್ಲಿದ್ದಲು ಕಾರ್ಮಿಕರಿಗೂ ಅಂಥದ್ದೇ ಒಂದು ಬೇಕು, ಅವರ ಪಿಂಚಣಿ, ಆರೋಗ್ಯ ವಿಮೆ ಉಳಿಯಬೇಕು ಅಂತ ಯೋಜನೆ ಹೇಳಿತ್ತು. ಕಾರ್ಖಾನೆ ಹೊಗೆ ಕುಡಿದು ಬದುಕಿದ ಬಡ ಬಡಾವಣೆಗಳಿಗೆ ಹಣದಲ್ಲಿ ಮೊದಲ ಪಾಲು ಅಂತಲೂ ಇತ್ತು.

ನಿಯಮ, ಹಣ, ನ್ಯಾಯ. ಮೂರು ಕಾಲಿನ ಮಣೆ. ಒಂದು ಕಾಲು ತೆಗೆದರೂ ಕೂತವರು ಬೀಳ್ತಾರೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಸ್ವಾವಲಂಬನೆ ಅಂದರೆ ಯಾವುದು?

ಯೋಜನೆಯ ಒಂದು ಭಾಗದ ಹೆಸರೇ 'ಪಳೆಯುಳಿಕೆ ಇಂಧನದಿಂದ ಬಿಡುಗಡೆ' ಅನ್ನೋ ಅರ್ಥದ್ದು. ಸರ್ಕಾರಿ ಜಮೀನಿನಲ್ಲಿ ತೈಲ, ಅನಿಲ, ಕಲ್ಲಿದ್ದಲು ತೆಗೆಯೋಕೆ ಹೊಸ ಗುತ್ತಿಗೆ ಇಲ್ಲ, ತೈಲ ಕಂಪನಿಗಳಿಗೆ ಸಬ್ಸಿಡಿ ಇಲ್ಲ, ಮಾಲಿನ್ಯಕ್ಕೆ ಶುಲ್ಕ, ಕಚ್ಚಾ ತೈಲ ರಫ್ತಿಗೆ ಮತ್ತೆ ನಿಷೇಧ.

ಇಂಧನ ಸ್ವಾವಲಂಬನೆ ಅಮೆರಿಕದ ರಾಜಕೀಯದಲ್ಲಿ ಐವತ್ತು ವರ್ಷದ ಹಳೇ ಹಾಡು. 1973ರ ಅಕ್ಟೋಬರ್‌ನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದಾಗ ಪೆಟ್ರೋಲ್ ಬಂಕ್‌ಗಳ ಮುಂದೆ ಕಾರುಗಳ ಸಾಲು ನಿಂತಿತ್ತು. ಮರುತಿಂಗಳೇ ಅಧ್ಯಕ್ಷ ನಿಕ್ಸನ್, 1980ರ ಹೊತ್ತಿಗೆ ದೇಶ ಇಂಧನಕ್ಕಾಗಿ ಯಾರ ಮುಂದೂ ಕೈಚಾಚಲ್ಲ ಅಂತ ಘೋಷಿಸಿದರು. 1977ಕ್ಕೆ ಬಂದರೆ ಆಮದು ಇಳಿದಿರಲಿಲ್ಲ, ಇನ್ನೂ ಏರಿತ್ತು. 1979ರಲ್ಲಿ ಜಿಮ್ಮಿ ಕಾರ್ಟರ್ ಶ್ವೇತಭವನದ ಚಾವಣಿ ಮೇಲೆ ನೀರು ಕಾಯಿಸೋಕೆ 32 ಸೋಲಾರ್ ಫಲಕ ಹಾಕಿಸಿದರು. ರೇಗನ್ ಕಾಲದಲ್ಲಿ, 1986ರಲ್ಲಿ, ಅವು ಕೆಳಗಿಳಿದವು.

ಆಮೇಲೆ ಬಂಡೆ ಸೀಳಿ ತೈಲ ತೆಗೆಯೋ ತಂತ್ರ ಬಂತು. 2018ರಿಂದ ಅಮೆರಿಕ ಜಗತ್ತಿನ ಅತಿ ದೊಡ್ಡ ಕಚ್ಚಾ ತೈಲ ಉತ್ಪಾದಕ. 2019ರಲ್ಲಿ, 1952ರ ನಂತರ ಮೊದಲ ಸಲ, ಅಮೆರಿಕ ಕೊಂಡ ಇಂಧನಕ್ಕಿಂತ ಹೊರಗೆ ಮಾರಿದ ಇಂಧನವೇ ಹೆಚ್ಚಾಯಿತು. ಸರಿ, ಸ್ವಾವಲಂಬನೆ ಬಂತು ಅಂದುಕೊಳ್ಳೋಣ.

ಹಾಗಾದರೆ 2022ರ ಜೂನ್‌ನಲ್ಲಿ ಇಲ್ಲಿನ ಪೆಟ್ರೋಲ್ ಸರಾಸರಿ ಬೆಲೆ ಗ್ಯಾಲನ್‌ಗೆ 5 ಡಾಲರ್ ದಾಟಿದ್ದು ಹೇಗೆ? ಯುದ್ಧ ನಡೀತಿದ್ದಿದ್ದು ಉಕ್ರೇನ್‌ನಲ್ಲಿ. ತೈಲ ಇದ್ದಿದ್ದು ಟೆಕ್ಸಾಸ್‌ನಲ್ಲಿ. ಆದರೂ ಸಿಯಾಟಲ್‌ನಲ್ಲಿ ಟ್ಯಾಂಕ್ ತುಂಬಿಸೋವಾಗ ಕೈ ನಡುಗಿತು.

ಕಾರಣ ಸರಳ. ಟೆಕ್ಸಾಸ್‌ನ ಕಂಪನಿ ತನ್ನ ತೈಲವನ್ನ ನೆರೆಮನೆಯವರಿಗೆ ಅಂತ ಅಗ್ಗವಾಗಿ ಮಾರಲ್ಲ. ಜಗತ್ತಿನಲ್ಲಿ ಯಾರು ಹೆಚ್ಚು ಕೊಡ್ತಾರೋ ಅದೇ ಬೆಲೆ. ತೆಂಗಿನ ತೋಟದ ಪಕ್ಕದಲ್ಲೇ ಮನೆ ಇದ್ದರೂ ಕಾಯಿಯ ದರ ಮಾರ್ಕೆಟ್‌ನಲ್ಲೇ ತಾನೇ ತೀರ್ಮಾನ ಆಗೋದು? ತೈಲ ನಮ್ಮ ನೆಲದಲ್ಲಿ ಇದೆ ಅನ್ನೋದು ಒಂದು, ತೈಲದ ಬೆಲೆ ನಮ್ಮ ಕೈಯಲ್ಲಿ ಇದೆ ಅನ್ನೋದು ಇನ್ನೊಂದು. ಮೊದಲನೇದು ಅಮೆರಿಕಕ್ಕೆ ಸಿಕ್ಕಿತು, ಎರಡನೇದು ಸಿಗಲೇ ಇಲ್ಲ.

ಇನ್‌ಸ್ಲೀ ಯೋಜನೆಯ ತಿರುಳು ಇಲ್ಲೇ ಇರೋದು. ಬಿಸಿಲಿಗೆ, ಗಾಳಿಗೆ ಅಂತಾರಾಷ್ಟ್ರೀಯ ದರಪಟ್ಟಿ ಇಲ್ಲ. ಒಂದು ಸಲ ಪ್ಯಾನೆಲ್ ಹಾಕಿದ ಮೇಲೆ ಮೇಲಿಂದ ಬೀಳೋ ಬಿಸಿಲನ್ನ ಯಾವ ದೇಶದ ರಾಜನೂ ತಡೆಹಿಡಿಯೋಕೆ ಆಗಲ್ಲ. ಜಗತ್ತಿನ ಪ್ಯಾನೆಲ್, ಬ್ಯಾಟರಿಗಳಲ್ಲಿ ಬಹುಪಾಲು ಚೀನಾದಲ್ಲೇ ತಯಾರಾಗೋದು ನಿಜ. ಅದೊಂದು ಹೊಸ ಅವಲಂಬನೆಯೇ. ಅದಕ್ಕೇ ಯೋಜನೆಯಲ್ಲಿ ದೇಶದೊಳಗಿನ ತಯಾರಿಕೆಗೂ ಅಷ್ಟೇ ಒತ್ತು ಇತ್ತು. ಆದರೆ ಒಂದು ವ್ಯತ್ಯಾಸ ಗಮನಿಸಿ. ತೈಲ ಬರೋದು ನಿಂತರೆ ಕಾರು ನಿಲ್ಲುತ್ತೆ. ಪ್ಯಾನೆಲ್ ಬರೋದು ನಿಂತರೆ ಈಗಾಗಲೇ ಚಾವಣಿ ಮೇಲೆ ಇರೋದು ಕರೆಂಟ್ ಕೊಡ್ತಾನೇ ಇರುತ್ತೆ.

ಒಂದು ಪರ್ಸೆಂಟ್ ಅಭ್ಯರ್ಥಿ

ಇಷ್ಟೆಲ್ಲ ಬರೆದವರಿಗೆ ಜನ ಮತ ಕೊಡೋಕೆ ತಯಾರಿದ್ರಾ? ಇಲ್ಲ. ಸಮೀಕ್ಷೆಗಳಲ್ಲಿ ಇನ್‌ಸ್ಲೀ ಹೆಸರು ಒಂದು ಪರ್ಸೆಂಟ್ ಆಸುಪಾಸಿನಲ್ಲೇ ತೆವಳ್ತಿತ್ತು. ಹವಾಮಾನಕ್ಕೇ ಮೀಸಲಾದ ಒಂದು ಚರ್ಚೆ ಇಡಿ ಅಂತ ಅವರು ಪಕ್ಷವನ್ನ ಕೇಳಿದರು. ಪಕ್ಷ ಒಪ್ಪಲಿಲ್ಲ. ಜುಲೈ 31ರಂದು ಡೆಟ್ರಾಯಿಟ್‌ನ ಚರ್ಚೆಯಲ್ಲಿ ಜೋ ಬೈಡನ್‌ಗೆ ಎದುರಾಗಿ, ನಿಮ್ಮ ಯೋಜನೆ ತೀರಾ ತಡವಾಯಿತು ಅಂತ ನೇರವಾಗಿ ಹೇಳಿದರು. ಬೈಡನ್ ಮುಂಚೂಣಿಯಲ್ಲಿದ್ದ ಅಭ್ಯರ್ಥಿ. ಇವರು ವೇದಿಕೆಯ ಅಂಚಿನವರು.

ಮುಂದಿನ ಚರ್ಚೆಗೆ ಅರ್ಹತೆ ಪಡೆಯೋಕೆ 1,30,000 ಜನರ ದೇಣಿಗೆ ಬೇಕಿತ್ತು. ಅದು ಸಿಕ್ಕಿತು. ಸಮೀಕ್ಷೆಯಲ್ಲಿ ಎರಡು ಪರ್ಸೆಂಟ್ ಬೇಕಿತ್ತು. ಅದು ಸಿಗಲಿಲ್ಲ. 2019ರ ಆಗಸ್ಟ್ 21ರಂದು ಯೋಜನೆಯ ಆರನೇ ಭಾಗ, ಕೃಷಿ ಮತ್ತು ಗ್ರಾಮೀಣ ಬದುಕಿನದ್ದು, ಹೊರಬಂತು. ಅದೇ ರಾತ್ರಿ ಟಿವಿಯಲ್ಲಿ ಕೂತು ಸ್ಪರ್ಧೆಯಿಂದ ಹಿಂದೆ ಸರಿದರು. ಸೋಲ್ತೀನಿ ಅಂತ ಗೊತ್ತಿದ್ದೂ ಬೆಳಿಗ್ಗೆ ಕೊನೇ ಭಾಗ ಪ್ರಕಟಿಸೋದು ನನಗೆ ಯಾಕೋ ತುಂಬ ಇಷ್ಟವಾಯಿತು. ಪ್ರಾಜೆಕ್ಟ್ ರದ್ದಾಗ್ತಿದೆ ಅಂತ ಗೊತ್ತಾದ ದಿನವೂ ಬರೆದಿದ್ದನ್ನ ನೀಟಾಗಿ ಒಪ್ಪಿಸಿ ಹೋಗೋ ಕೆಲವರು ಇರ್ತಾರಲ್ಲ, ಹಾಗೆ.

ಎರಡು ವಾರಕ್ಕೆ, ಸೆಪ್ಟೆಂಬರ್ 4ರಂದು, ಸಿಎನ್‌ಎನ್ ವಾಹಿನಿ ಹತ್ತು ಅಭ್ಯರ್ಥಿಗಳನ್ನ ಕರೆದು ಏಳು ಗಂಟೆ ಕಾಲ ಹವಾಮಾನದ ಬಗ್ಗೆಯೇ ಮಾತಾಡಿಸಿತು. ಆ ವಿಷಯಕ್ಕಾಗಿಯೇ ನಿಂತಿದ್ದ ಒಬ್ಬರು ಮಾತ್ರ ಆ ವೇದಿಕೆಯಲ್ಲಿ ಇರಲಿಲ್ಲ.

ಪುಟಗಳು ಕೈಬದಲಾದವು

ಆದರೆ ಅವರ ಪುಟಗಳು ಅಲ್ಲಿದ್ದವು. ಅದರ ಹಿಂದಿನ ದಿನವಷ್ಟೇ ಎಲಿಜಬೆತ್ ವಾರನ್, ಇನ್‌ಸ್ಲೀ ಯೋಜನೆಯನ್ನ ತಾನು ಸ್ವೀಕರಿಸ್ತೀನಿ ಅಂತ ಅವರ ಹೆಸರು ಹೇಳಿಯೇ ಪ್ರಕಟಿಸಿದ್ದರು. ಬೇರೆಯವರ ಯೋಜನೆಯನ್ನ ಹೆಸರು ಹೇಳಿ ತಗೊಳ್ಳೋದು ರಾಜಕೀಯದಲ್ಲಿ ಎಷ್ಟು ಅಪರೂಪ ಅಂತ ನಮಗೆಲ್ಲ ಗೊತ್ತು.

2020ರಲ್ಲಿ ಇನ್‌ಸ್ಲೀ ತಂಡದಲ್ಲಿದ್ದವರು ಸೇರಿ 'ಎವರ್‌ಗ್ರೀನ್ ಆಕ್ಷನ್' ಅನ್ನೋ ಸಂಸ್ಥೆ ಕಟ್ಟಿದರು. ಕೆಲಸ ಒಂದೇ, ಆ ಇನ್ನೂರು ಪುಟಗಳನ್ನ ಕಾನೂನು ಮಾಡೋರ ಮೇಜಿಗೆ ತಲುಪಿಸೋದು. ಇನ್‌ಸ್ಲೀ ಏಪ್ರಿಲ್‌ನಲ್ಲಿ ಬೈಡನ್‌ಗೆ ಬೆಂಬಲ ಕೊಟ್ಟರು. ಜುಲೈನಲ್ಲಿ ಬೈಡನ್ ತಮ್ಮ ಯೋಜನೆಯನ್ನ ಹೊಸದಾಗಿ ಬರೆದರು. ಹಿಂದಿನ ವರ್ಷ ಹತ್ತು ವರ್ಷಕ್ಕೆ 1.7 ಟ್ರಿಲಿಯನ್ ಡಾಲರ್ ಅಂದಿದ್ದವರು ಈಗ ನಾಲ್ಕೇ ವರ್ಷಕ್ಕೆ 2 ಟ್ರಿಲಿಯನ್ ಅಂದರು. ವಿದ್ಯುತ್ ಪೂರ್ತಿ ಶುದ್ಧವಾಗೋ ಗಡುವು 2035. ಇದೇ ಗಡುವು ಯಾರ ಯೋಜನೆಯಲ್ಲಿ ಇತ್ತು ಅಂತ ಮತ್ತೆ ಹೇಳಬೇಕಿಲ್ಲ.

ಬೈಡನ್ ಗೆದ್ದರು. ಆದರೆ ಸೆನೆಟ್‌ನಲ್ಲಿ ಎರಡೂ ಕಡೆ ಐವತ್ತೈವತ್ತು. ಕಲ್ಲಿದ್ದಲಿನ ರಾಜ್ಯ ವೆಸ್ಟ್ ವರ್ಜೀನಿಯಾದ ಸೆನೆಟರ್ ಜೋ ಮಾಂಚಿನ್ ಒಪ್ಪದೆ ಒಂದು ಕಡ್ಡಿಯೂ ಅಲುಗಾಡುವಂತಿರಲಿಲ್ಲ. ಶುದ್ಧ ವಿದ್ಯುತ್ ಹೆಚ್ಚಿಸಿದ ಕಂಪನಿಗೆ ಬಹುಮಾನ, ಹೆಚ್ಚಿಸದವರಿಗೆ ದಂಡ ಅನ್ನೋ ಕಲಮು 2021ರಲ್ಲಿ ಬಿದ್ದುಹೋಯಿತು. ಕೊನೆಗೆ 2022ರ ಆಗಸ್ಟ್ 7ರಂದು ಸೆನೆಟ್‌ನಲ್ಲಿ 51-50 ಮತಗಳಿಂದ ಒಂದು ಮಸೂದೆ ಪಾಸಾಯಿತು. ಆ ಒಂದು ಹೆಚ್ಚಿನ ಮತ ಉಪಾಧ್ಯಕ್ಷೆ ಕಮಲಾ ಹ್ಯಾರಿಸ್‌ ಅವರದ್ದು. ಇಂಧನ, ಹವಾಮಾನಕ್ಕೆ ಸುಮಾರು 369 ಬಿಲಿಯನ್ ಡಾಲರ್, ಅಂದರೆ 36,900 ಕೋಟಿ ಡಾಲರ್. ಹಣದುಬ್ಬರ ಇಳಿಕೆ ಕಾಯ್ದೆ ಅಂತ ಹೆಸರಿದ್ದರೂ, ಅಮೆರಿಕದ ಇತಿಹಾಸದಲ್ಲಿ ಹವಾಮಾನಕ್ಕಾಗಿ ಆದ ಅತಿ ದೊಡ್ಡ ಕಾನೂನು ಅದೇ.

ಭಾವ ಲೆಕ್ಕ ಹಾಕ್ತಿದ್ದ ಮೂವತ್ತು ಪರ್ಸೆಂಟ್ ಇಲ್ಲಿಂದ ಬಂದಿದ್ದು. ಸೋಲಾರ್‌ಗೆ ತೆರಿಗೆ ರಿಯಾಯಿತಿ ಮೊದಲೂ ಇತ್ತು. ಆದರೆ ಅದು 26ಕ್ಕೆ ಇಳಿದು, 2023ರಲ್ಲಿ 22ಕ್ಕೆ ಬಂದು, ಆಮೇಲೆ ನಿಂತೇ ಹೋಗೋದಿತ್ತು. ಹೊಸ ಕಾನೂನು ಅದನ್ನ ಮತ್ತೆ 30ಕ್ಕೆ ಏರಿಸಿ 2032ರವರೆಗೆ ಇರುತ್ತೆ ಅಂದಿತು. "2032 ತನಕ ಇದೆಯಲ್ಲ, ನಿಧಾನಕ್ಕೆ ಹಾಕಿಸೋಣ" ಅಂತ ಭಾವ ಕೂತಿದ್ದೂ ಅದಕ್ಕೇ.

ಒಂದೇ ಕಾಲಿನ ಮೇಲೆ

ಮೂರು ಕಾಲಿನ ಮಣೆ ನೆನಪಿದೆಯಾ? ನಿಯಮ, ಹಣ, ನ್ಯಾಯ. ಮಾಂಚಿನ್ ಅವರನ್ನ ದಾಟಿ ಬರೋ ಹೊತ್ತಿಗೆ ನಿಯಮದ ಕಾಲು ಮುರಿದಿತ್ತು. ನ್ಯಾಯದ ಕಾಲು ಸಣ್ಣದಾಗಿತ್ತು. ಉಳಿದಿದ್ದು ಹೆಚ್ಚಾಗಿ ಹಣದ ಕಾಲು. ಕಡ್ಡಾಯ ಇಲ್ಲ, ದಂಡ ಇಲ್ಲ. ಮಾಡಿದವರಿಗೆ ರಿಯಾಯಿತಿ, ಅಷ್ಟೇ.

ಕೊಡೋ ಕೈ ಬದಲಾದರೆ ರಿಯಾಯಿತಿ ನಿಲ್ಲಿಸೋದು ಸುಲಭ. 2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ದಿನವೇ ಇಂಧನ ತುರ್ತುಸ್ಥಿತಿ ಘೋಷಿಸಿದರು, ಪ್ಯಾರಿಸ್ ಒಪ್ಪಂದದಿಂದ ಹೊರಬರೋ ಆದೇಶಕ್ಕೆ ಸಹಿ ಹಾಕಿದರು. ಅವರ ಪ್ರಕಾರ ಸ್ವಾವಲಂಬನೆ ಅಂದರೆ ಇನ್ನಷ್ಟು ಕೊರೆಯೋದು, ಇನ್ನಷ್ಟು ತೆಗೆಯೋದು. ಜುಲೈ 4ರಂದು ಸಹಿಯಾದ ಕಾನೂನು ಎಲೆಕ್ಟ್ರಿಕ್ ಕಾರಿನ 7,500 ಡಾಲರ್ ರಿಯಾಯಿತಿಯನ್ನ ಸೆಪ್ಟೆಂಬರ್ 30ಕ್ಕೆ, ಮನೆ ಸೋಲಾರ್ ರಿಯಾಯಿತಿಯನ್ನ ಡಿಸೆಂಬರ್ 31ಕ್ಕೆ ಮುಗಿಸಿತು. 2032 ಇದ್ದಿದ್ದು 2025 ಆಯಿತು.

ಇಲ್ಲಿಗೆ ಕಥೆ ಮುಗಿಸಿದರೆ, "ಅಯ್ಯೋ ರಾಜಕೀಯ ಇಷ್ಟೇ ಬಿಡಿ" ಅಂತ ನೀವು ಫೋನ್ ಕೆಳಗಿಡ್ತೀರಿ. ನಾನೂ ಅವತ್ತು ಹಾಗೇ ಅಂದುಕೊಂಡೆ. ಆದರೆ ಇನ್‌ಸ್ಲೀ ಕಥೆಗೆ ಇನ್ನೊಂದು ಭಾಗ ಇದೆ. ಅದು ನಡೆದಿದ್ದು ರಾಜಧಾನಿಯಲ್ಲಿ ಅಲ್ಲ, ಅವರದೇ ರಾಜ್ಯದಲ್ಲಿ.

ಎರಡು ಸಲ ಬೇಡ ಅಂದ ಜನ

ವಾಷಿಂಗ್ಟನ್ ರಾಜ್ಯದಲ್ಲಿ ಕಾನೂನುಗಳನ್ನ ನೇರವಾಗಿ ಜನರ ಮತಕ್ಕೇ ಹಾಕೋ ಪದ್ಧತಿ ಇದೆ. ಇಂಗಾಲದ ಮಾಲಿನ್ಯಕ್ಕೆ ತೆರಿಗೆ ಹಾಕೋಣವಾ ಅಂತ 2016ರಲ್ಲಿ ಕೇಳಿದರು. ಜನ ಬೇಡ ಅಂದರು. 2018ರಲ್ಲಿ, ಅದೇ ಹೊಗೆಯ ಬೇಸಿಗೆ ಆದ ಮೇಲೆ, ಶುಲ್ಕ ಅನ್ನೋ ರೂಪದಲ್ಲಿ ಮತ್ತೆ ಕೇಳಿದರು. ತೈಲ ಕಂಪನಿಗಳು ವಿರುದ್ಧ ಪ್ರಚಾರಕ್ಕೆ ಕೋಟಿಗಟ್ಟಲೆ ಡಾಲರ್ ಸುರಿದವು. ಬಿಪಿ ಕಂಪನಿಯೊಂದೇ ಸುಮಾರು 1.3 ಕೋಟಿ ಡಾಲರ್ ಕೊಟ್ಟಿತ್ತು. ಜನ ಮತ್ತೆ ಬೇಡ ಅಂದರು. ಇನ್‌ಸ್ಲೀ ಅಧ್ಯಕ್ಷ ಸ್ಥಾನಕ್ಕೆ ಓಡೋಕೆ ಶುರು ಮಾಡಿದ್ದು ಈ ಸೋಲಾಗಿ ನಾಲ್ಕೇ ತಿಂಗಳಿಗೆ.

ಸ್ಪರ್ಧೆಯ ನಡುವೆಯೇ, 2019ರ ಮೇ ತಿಂಗಳಲ್ಲಿ, ಅವರು ರಾಜ್ಯದಲ್ಲಿ ಒಂದು ಕಾನೂನಿಗೆ ಸಹಿ ಹಾಕಿದರು. ವಿದ್ಯುತ್ ಕಂಪನಿಗಳು 2025ರ ಕೊನೆಯೊಳಗೆ ಕಲ್ಲಿದ್ದಲು ಬಿಡಬೇಕು, 2045ಕ್ಕೆ ಪೂರ್ತಿ ಶುದ್ಧವಾಗಬೇಕು. ರಿಯಾಯಿತಿ ಅಲ್ಲ, ನಿಯಮ. 2021ರಲ್ಲಿ ಇನ್ನೊಂದು. ದೊಡ್ಡ ಮಾಲಿನ್ಯಕಾರರು ಒಟ್ಟು ಎಷ್ಟು ಹೊಗೆ ಬಿಡಬಹುದು ಅಂತ ಸರ್ಕಾರ ಮಿತಿ ಹಾಕುತ್ತೆ, ವರ್ಷ ವರ್ಷ ಆ ಮಿತಿ ಇಳಿಸುತ್ತೆ, ಹೊಗೆ ಬಿಡೋ ಪರವಾನಗಿಯನ್ನ ಹರಾಜು ಹಾಕುತ್ತೆ. ಹರಾಜಿನ ಹಣ ಬಸ್ಸು, ದೋಣಿ, ಮನೆಗಳ ದುರಸ್ತಿ, ಬಡ ಬಡಾವಣೆಗಳ ಗಾಳಿಗೆ. ಈ ಸಲ ಬಿಪಿ ಕೂಡ ಕಾನೂನನ್ನ ಬೆಂಬಲಿಸಿತು! ಅದೇ ವರ್ಷ ಜೂನ್ 28ರಂದು ಸಿಯಾಟಲ್‌ನಲ್ಲಿ 42 ಡಿಗ್ರಿ ಬಿಸಿಲು ದಾಖಲಾಯಿತು. ಫ್ಯಾನ್ ಕೂಡ ಇಲ್ಲದ ಮನೆಗಳ ಊರು ಇದು. ನಾನು ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಮೀಟಿಂಗ್ ಮಾಡಿದ್ದೆ.

2023ರ ಜನವರಿಯಲ್ಲಿ ಕಾನೂನು ಜಾರಿಗೆ ಬಂತು, ಪೆಟ್ರೋಲ್ ಬೆಲೆ ಏರಿತು. ಏರಿಕೆ ಕೆಲವೇ ಪೈಸೆ ಇರುತ್ತೆ ಅನ್ನೋ ಅರ್ಥದಲ್ಲಿ ಇನ್‌ಸ್ಲೀ ಮೊದಲು ಹೇಳಿದ್ದರು. ಜನರಿಗೆ ತಟ್ಟಿದ್ದು ಅದಕ್ಕಿಂತ ಹೆಚ್ಚು. ಇಲ್ಲಿ ಅವರ ತಪ್ಪು ಇದೆ, ಮುಚ್ಚಿಡಬೇಕಿಲ್ಲ. ಕಷ್ಟದ ಕೆಲಸಕ್ಕೆ ಕಷ್ಟ ಇದೆ ಅಂತಲೇ ಹೇಳಬೇಕು. ಇನ್ನೊಂದು ಟೀಕೆಯೂ ಇದೆ: ಈ ರಾಜ್ಯದಲ್ಲಿ ಕೊಲಂಬಿಯಾ ನದಿ ಇದೆ, ಅದರ ಮೇಲೆ ಗ್ರ್ಯಾಂಡ್ ಕೂಲಿಯಂಥ ದೈತ್ಯ ಅಣೆಕಟ್ಟೆ ಇದೆ, ವಿದ್ಯುತ್ತಿನ ಬಹುಪಾಲು ನೀರಿಂದಲೇ ಬರುತ್ತೆ. ಹೊಳೆ ಇದ್ದವರು ಈಜು ಕಲಿಸೋದು ಸುಲಭ ಅಂತ ಕಲ್ಲಿದ್ದಲಿನ ರಾಜ್ಯದವರು ಹೇಳಿದರೆ ಅದೂ ಸುಳ್ಳಲ್ಲ.

2024ರ ನವೆಂಬರ್‌ನಲ್ಲಿ ಈ ಕಾನೂನನ್ನೇ ರದ್ದು ಮಾಡೋಣ ಅಂತ ಒಬ್ಬ ಶ್ರೀಮಂತ ಹೂಡಿಕೆದಾರರ ಹಣದ ಬಲದಲ್ಲಿ ಮತ್ತೆ ಜನರ ಮುಂದೆ ಪ್ರಶ್ನೆ ಬಂತು. ಎರಡು ಸಲ ಬೇಡ ಅಂದಿದ್ದ ಅದೇ ಜನ. ಪೆಟ್ರೋಲ್ ಬೆಲೆಗೆ ಬೈದುಕೊಂಡೇ ಇದ್ದ ಅದೇ ಜನ. ಸುಮಾರು 62 ಪರ್ಸೆಂಟ್ ಮತದಾರರು ರದ್ದು ಬೇಡ, ಕಾನೂನು ಇರಲಿ ಅಂದರು. ಅದೇ ದಿನ ಇದೇ ರಾಜ್ಯದಲ್ಲಿ ಕಮಲಾ ಹ್ಯಾರಿಸ್‌ಗೆ ಬಿದ್ದಿದ್ದು 57 ಪರ್ಸೆಂಟ್. ಅಂದರೆ ಹ್ಯಾರಿಸ್‌ಗೆ ಮತ ಹಾಕದ ಎಷ್ಟೋ ಜನರೂ ಈ ಕಾನೂನನ್ನ ಉಳಿಸಿದರು.

ಏನು ಬದಲಾಗಿತ್ತು? ಮತ ಹಾಕೋ ಹೊತ್ತಿಗೆ ಕಾನೂನು ಬರೀ ಕಾಗದವಾಗಿ ಉಳಿದಿರಲಿಲ್ಲ. 18 ವರ್ಷದವರೆಗಿನ ಮಕ್ಕಳಿಗೆ ಬಸ್ಸು, ರೈಲು ಉಚಿತವಾಗಿತ್ತು. ಕಡಿಮೆ ಆದಾಯದ ಮನೆಗಳ ಕರೆಂಟ್ ಬಿಲ್ಲಿನಲ್ಲಿ ಆ ವರ್ಷ 200 ಡಾಲರ್ ಕಡಿತವಾಗಿತ್ತು. ಅಕ್ಕನ ಮಗ ಲೈಬ್ರರಿಗೆ ಬಸ್‌ನಲ್ಲಿ ಪುಕ್ಕಟೆ ಹೋಗಿಬರ್ತಾನೆ. ಆ ಹಣ ಎಲ್ಲಿಂದ ಬರುತ್ತೆ ಅಂತ ಅವನಿಗೆ ಗೊತ್ತಿಲ್ಲ, ಆದರೆ ನಿಂತರೆ ಅವನಿಗೆ ಗೊತ್ತಾಗುತ್ತೆ. ಕಾನೂನನ್ನ ಕಾಯೋದು ಇಂಥ ಸಣ್ಣ ಸಣ್ಣ ಗೊತ್ತಾಗುವಿಕೆಗಳೇ. ಮಣೆಯ ಮೂರೂ ಕಾಲು ಇಲ್ಲಿ ನೆಲ ಮುಟ್ಟಿದ್ದವು.

ಮನೆಗೆ ಬಂದ ಪಾಠ

ಹಾಸನದಲ್ಲಿರೋ ಅಪ್ಪನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. "ನಿಮ್ಮ ಅಮೆರಿಕದ ಪುರಾಣ ನಮಗ್ಯಾಕಮ್ಮಾ?" ಅಂದರು. ಅಪ್ಪನ ಪ್ರಶ್ನೆ ಸರಿಯಾಗೇ ಇದೆ. ಭಾರತ ತನಗೆ ಬೇಕಾದ ಕಚ್ಚಾ ತೈಲದಲ್ಲಿ 85 ಪರ್ಸೆಂಟ್‌ಗೂ ಹೆಚ್ಚು ಹೊರಗಿನಿಂದ ತರುತ್ತೆ. ತನ್ನದೇ ತೈಲ ತೆಗೆದು ಹೊರಗೆ ಮಾರೋ ಅಮೆರಿಕಕ್ಕೇ ಬೆಲೆಯ ಮೇಲೆ ಹಿಡಿತ ಸಿಗಲಿಲ್ಲ ಅಂದರೆ, ಕೊಂಡು ತರೋ ನಮಗೆ? ಇಂಧನ ಸ್ವಾವಲಂಬನೆ ಅನ್ನೋ ಪದ ನಮ್ಮ ಪ್ರಣಾಳಿಕೆಗಳಲ್ಲೂ ಬರುತ್ತೆ, ಮುಂದೆ ಇನ್ನೂ ಹೆಚ್ಚಾಗಿ ಬರುತ್ತೆ.

ಹಾಗಾಗಿ ಮುಂದಿನ ಸಲ ಯಾವ ಪಕ್ಷದವರೇ ಆಗಲಿ, ಯೋಜನೆ ಹಿಡಿದು ಬಂದರೆ ನಾನು ಕೇಳೋದು ಇಷ್ಟನ್ನೇ. ಯಾವ ವರ್ಷದೊಳಗೆ, ಯಾರು, ಏನು ಮಾಡ್ತಾರೆ ಅಂತ ಬರೆದಿದೆಯಾ? ಹಣ ಕೊಡ್ತೀವಿ ಅನ್ನೋದರ ಜೊತೆ ನಿಯಮವೂ ಇದೆಯಾ? ಕೆಲಸ ಕಳಕೊಳ್ಳೋರ ಬಗ್ಗೆ ಒಂದು ಪುಟವಾದರೂ ಇದೆಯಾ? ನನ್ನ ಜೇಬಿಗೆ ಎಷ್ಟು ಬೀಳುತ್ತೆ ಅನ್ನೋದನ್ನ ಮೊದಲೇ ನಿಜ ಹೇಳಿದ್ದಾರಾ? ಕೊನೇದಾಗಿ, ಇವರು ಸೋತರೂ ಈ ಕಾಗದ ಬೇರೆಯವರಿಗೆ ಉಪಯೋಗಕ್ಕೆ ಬರುತ್ತಾ?

ಈ ಕೊನೇ ಪ್ರಶ್ನೆ ನನಗೆ ತುಂಬ ಮುಖ್ಯ. ಗೆದ್ದರೆ ಮಾತ್ರ ಅರ್ಥ ಇರೋದು ಭರವಸೆ. ಸೋತ ಮೇಲೂ ಕೆಲಸ ಮಾಡೋದು ಯೋಜನೆ.

ಇನ್‌ಸ್ಲೀ ಮೂರು ಅವಧಿ ಮುಗಿಸಿ 2025ರ ಜನವರಿಯಲ್ಲಿ ಗವರ್ನರ್ ಕುರ್ಚಿ ಬಿಟ್ಟರು. ಅವರ ಪುಟಗಳಿಂದ ರಾಜಧಾನಿಗೆ ಹೋದ ಕಾನೂನು ಅರ್ಧಕ್ಕೆ ತುಂಡಾಗಿದೆ. ಅವರ ಸ್ವಂತ ರಾಜ್ಯದಲ್ಲಿ ಜನರೇ ಮತ ಹಾಕಿ ಉಳಿಸಿಕೊಂಡಿದ್ದು ನಿಂತಿದೆ.

ಅಂದ ಹಾಗೆ, ಭಾವನಿಗೆ ಡಿಸೆಂಬರ್‌ನಲ್ಲಿ ಯಾರೂ ಸಿಗಲಿಲ್ಲ. ಹೊಸ ವರ್ಷದ ದಿನ ಮತ್ತೆ ಲೆಕ್ಕ ಹಾಕಿ ಕೂತರು. 7,200 ಡಾಲರ್ ಹೋಯಿತು. ರಾಜ್ಯದ ಮಾರಾಟ ತೆರಿಗೆ ವಿನಾಯಿತಿ ಮಾತ್ರ ಹಾಗೇ ಇದೆ. ಕೊನೆಗೆ ಅರ್ಧದಷ್ಟೇ ಪ್ಯಾನೆಲ್ ಹಾಕಿಸೋದು ಅಂತ ತೀರ್ಮಾನ ಆಯಿತು.

"ಅರ್ಧ ಚಾವಣಿಗೆ ಬಿಸಿಲು ಬೀಳಲ್ವಾ?" ಅಂತ ಅಕ್ಕ ಕಿಚಾಯಿಸಿದಳು.

"ಬೀಳುತ್ತೆ. ಉಳಿದರ್ಧಕ್ಕೆ ಜಾಗ ಬಿಟ್ಟಿರ್ತೀನಿ," ಅಂದರು ಭಾವ. "ಇನ್ನೊಂದು ಚುನಾವಣೆ ಬರುತ್ತಲ್ಲ."